ಸಮೋವಾರ್ ಕುದಿಯುವಷ್ಟರಲ್ಲಿ ಸಿನಿಮಾ

ತಲಾಯ್ ಬಾಯಿ ಮುಚ್ಚಿಕೊಂಡಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ.

ಅವನ ಮಾವ ಸಗಿನ್‌ಬೆಕ್ ತೀರಿಕೊಂಡು ಅಂದಿಗೆ ವರ್ಷ ತುಂಬಿತ್ತು. ಕಾರಕೋಲ ಪಟ್ಟಣದ ಅವರ ಮನೆಯಂಗಳದಲ್ಲಿ ಬೆಳಗಿನಿಂದಲೇ ದೊಡ್ಡ ಹಂಡೆಗಳಲ್ಲಿ ಕುದುರೆ ಮಾಂಸ ಬೇಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆ ಮಾವನ ಬದುಕಿನ ಸಿನಿಮಾ ತೋರಿಸಬೇಕು. ಅದನ್ನು ಮಾಡಬೇಕಾದವನು ಅಳಿಯ ತಲಾಯ್, ಊರಿನ ಮದುವೆಗಳಿಗೆಲ್ಲ ವಿಡಿಯೊ ತೆಗೆಯುವವನು.

ಅತ್ತೆ ಬಾತ್ಮಾಕಾನ್‌ಗೆ ಈ ಕಸುಬು ಅಷ್ಟಕ್ಕಷ್ಟೇ. ಮಗ ಮೆಲಿಸ್‌ನ ಟೈರ್ ಅಂಗಡಿಯಲ್ಲಿ ಕೈಯಾಳು ಬೇಕಾಗಿತ್ತು. "ವರ್ಷದ ಊಟ ಆಗ್ಲಿ, ಎಲ್ರೆದುರೂ ಒಂದು ತೀರ್ಮಾನ ಹೇಳ್ತೀನಿ" ಎಂದಿದ್ದರು. ಕ್ಯಾಮೆರಾ ಬಿಟ್ಟರೆ ಬೇರೇನೂ ಬಾರದ, ರಬ್ಬರಿನ ವಾಸನೆಗೇ ತಲೆ ತಿರುಗುವ ತಲಾಯ್ ಆ ದಿನವನ್ನು ನೆನೆದೇ ಒಣಗಿಹೋಗಿದ್ದ.

ಮೊದಲೆಲ್ಲ ಒಂದು ಸಿನಿಮಾ ತಯಾರಾಗಲು ಅವನ ಕಂಪ್ಯೂಟರ್ ರಾತ್ರಿಯಿಡೀ ಏದುಸಿರು ಬಿಡುತ್ತಿತ್ತು. ಅದರಿಂದ ಒಂದು ಉಪಕಾರವೂ ಇತ್ತು. ಅವರಲ್ಲಿ ಅಳಿಯಂದಿರು ಅಂದರೆ ಕೂತು ಉಣ್ಣುವವರಲ್ಲ. ನೆಂಟರ ಕೈಗೆ ನೀರು ಹಾಕಬೇಕು, ಮಾಂಸ ಹೆಚ್ಚಬೇಕು, ಚಹಾ ಕೊಡಬೇಕು. "ಕಂಪ್ಯೂಟರ್ ಓಡ್ತಿದೆ, ಬಿಟ್ಟು ಬರೋ ಹಾಗಿಲ್ಲ" ಅಂದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಆದರೆ ಈಗ ಅವನು ಮುಚ್ಚಿಹೋದ ಗೇಮಿಂಗ್ ಕ್ಲಬ್ಬಿನಿಂದ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಕೂರಿಸಿದ್ದ. ಪ್ರೊಸೆಸರ್ ಒಂದೇ ಹೊರುತ್ತಿದ್ದ ಭಾರವನ್ನು ಆ ಕಾರ್ಡು ಹೊತ್ತುಕೊಂಡು, ರಾತ್ರಿಯಿಡೀ ಹಿಡಿಯುತ್ತಿದ್ದ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುತ್ತಿತ್ತು. ಇಂಥದ್ದನ್ನು ಅತ್ತೆಗೆ ತೋರಿಸದೆ ಇರುವುದು ಹೇಗೆ?

"ಅಪಾ, ಬನ್ನಿ ಇಲ್ಲಿ. ನಿಮ್ಮ ಚಹಾದ ಸಮೋವಾರ್ ಕುದಿಯೋದ್ರೊಳಗೆ ಸಿನಿಮಾ ರೆಡಿ!" ಎಂದು ಅತ್ತೆಯನ್ನು ಕರೆದ; ಅಪಾ ಅಂದರೆ ಅವರಲ್ಲಿ ಅಮ್ಮ.

ಬಿಳಿ ತಲೆವಸ್ತ್ರ ಸರಿಮಾಡಿಕೊಂಡು ಅತ್ತೆ ಬಂದು ಕೂತರು. ಪರದೆಯ ಮೇಲೆ ಹಸಿರು ಗೆರೆ ಸರಸರ ಓಡಿ ತುದಿ ಮುಟ್ಟಿತು.

"ಇಷ್ಟೇನಾ?" ಎಂದರು ಅತ್ತೆ.

"ಇಷ್ಟೇ ಅಪಾ! ನಾನು ಮಾಡೋದು ಏನೂ ಇಲ್ಲ, ಎಲ್ಲಾ ಈ ಕಾರ್ಡೇ ನೋಡ್ಕೊಳ್ಳುತ್ತೆ!"

ಅತ್ತೆ ಕಾರ್ಡನ್ನು ನೋಡಿದರು, ಅಳಿಯನನ್ನು ನೋಡಿದರು, ಎದ್ದು ಅಂಗಳಕ್ಕೆ ಹೋದರು. ಮೆಚ್ಚಿಕೊಂಡರು ಅಂತ ತಲಾಯ್ ಬೀಗಿದ.

ಸುದ್ದಿ ಅಂಗಳಕ್ಕೆ ಹಬ್ಬಿತು. ಮೊದಲು ಬಂದವರು ಪಕ್ಕದ ಮನೆಯ ಹಿರಿಯ ದೋರೊನ್‌ಬೆಕ್. ಸಗಿನ್‌ಬೆಕ್ ಕುದುರೆ ಆಟದಲ್ಲಿ ಧೂಳೆಬ್ಬಿಸುವ ದೃಶ್ಯ ನೋಡಿ ಅವರು ಹುಬ್ಬು ಗಂಟಿಕ್ಕಿದರು.

"ಏನಯ್ಯಾ ಇದು, ನನ್ನ ಗೆಳೆಯನ ಮುಖ ಚೌಕ ಚೌಕ ಆಗಿದೆ? ಬದುಕಿದ್ದಾಗ ದುಂಡಗಿತ್ತಪ್ಪ."

ನಿಜ. ಕಾರ್ಡಿನ ಅವಸರಕ್ಕೆ ಧೂಳಿನಲ್ಲಿದ್ದ ಮುಖ ಚೂರುಚೂರಾಗಿತ್ತು. ಫೈಲ್ ದೊಡ್ಡದಾದರೂ ಸರಿ ಎಂದು ತಲಾಯ್ ಗುಣಮಟ್ಟ ಏರಿಸಿ ಮತ್ತೆ ಓಡಿಸಿದ. ಮುಖ ದುಂಡಗಾಯಿತು.

"ಹಾಗೇ ಅವನ ಬಗ್ಗೆ ನಾನು ಮಾಡಿದ ಭಾಷಣಾನೂ ಪೂರ್ತಿ ಹಾಕ್ಬಿಡು," ಎಂದರು ದೋರೊನ್‌ಬೆಕ್. "ಬಾಯಿ ತೆಗೀತಿದ್ದ ಹಾಗೇ ಕತ್ತರಿಸಿದ್ದೀಯಲ್ಲ, ನಾನೇನು ಕುರೀನಾ? ಹೇಗೂ ಬೇಗ ಆಗುತ್ತಲ್ಲ!"

ಹಿರಿಯರಿಗೆ ಇಲ್ಲ ಅನ್ನುವ ಪದ್ಧತಿ ಇಲ್ಲ. ಹಾಕಿದ. ಅಷ್ಟರಲ್ಲಿ ನಾರಿನ್ ಊರಿನ ಕಡೆಯ ದೊಡ್ಡಪ್ಪ ಬಂದರು. "ಸಿನಿಮಾದಲ್ಲಿ ಕಿರಿಯ ಮನೆತನದವರು ನಮಗಿಂತ ಮುಂಚೆ ಬರೋದಾ? ನಿನ್ನ ಮಾವ ಗೋರಿಯೊಳಗೆ ಮಗ್ಗುಲು ಬದಲಾಯಿಸ್ತಾನೆ." ಹಿಂದುಮುಂದು ಮಾಡಿ ಮತ್ತೆ ಓಡಿಸಿದ. ಕಿರಿಯ ಮನೆತನದವರು ಬಂದು ಮುಖ ಊದಿಸಿಕೊಂಡರು. ಮತ್ತೆ ಓಡಿಸಿದ.

ಗೆರೆ ಓಡುವ ಹೊತ್ತಿನಲ್ಲೂ ಅವನಿಗೆ ಬಿಡುವಿರಲಿಲ್ಲ. "ಕಾರ್ಡು ತಾನೇ ಮಾಡೋದು? ನೀನ್ಯಾಕೆ ಕೂತಿದ್ದೀಯ ಅಳಿಯರಾಯ? ಬಾ, ನೀರು ಹಾಕು!" ಎಂದು ಮೆಲಿಸ್ ಅಂಗಳದಿಂದ ಕೂಗುತ್ತಿದ್ದ. ತಲಾಯ್ ಹೂಜಿ ಹಿಡಿದು ಓಡಿದ, ಮಾಂಸ ಹೆಚ್ಚಿದ, ಮೌಸ್ ಹಿಡಿಯಲು ವಾಪಸ್ ಓಡಿದ. ಕೀಬೋರ್ಡಿಗೆಲ್ಲ ಕೊಬ್ಬು ಮೆತ್ತಿಕೊಂಡಿತು.

ಕೊನೆಗೆ ಅತ್ತೆಯೇ ಬಾಗಿಲಲ್ಲಿ ಬಂದು ನಿಂತರು. ಅವರ ದನಿ ಇಳಿದಿತ್ತು.

"ಅವರು ಮಾತಾಡದೆ ಸುಮ್ನೆ ಕೂತಿರೋದು ಯಾವುದಾದ್ರೂ ಇದ್ಯಾ?"

ತಲಾಯ್ ಹುಡುಕಿದ. ಯಾವತ್ತೋ ಆರಿಸಲು ಮರೆತ ಕ್ಯಾಮೆರಾದಲ್ಲಿ ಮಾವ ಕಿಟಕಿ ಪಕ್ಕ ಕೂತು ಚಹಾ ಊದಿ ಊದಿ ಕುಡಿಯುತ್ತಿದ್ದರು, ಅಷ್ಟೇ. ಅತ್ತೆ ಪರದೆಯನ್ನೇ ನೋಡುತ್ತ ನಿಂತರು. ಆ ಮುದುಕನೆಂದರೆ ತಲಾಯ್‌ಗೂ ಪ್ರಾಣ. ಯಾರೂ ಕೇಳದೆಯೇ ಅದನ್ನು ಕೊನೆಯಲ್ಲಿ ಪೂರ್ತಿ ಹಾಕಿ ಮತ್ತೊಮ್ಮೆ ಓಡಿಸಿದ.

ಮಧ್ಯಾಹ್ನ ಅಂಗಳದಲ್ಲಿ ಹಾಕಿದ್ದ ಡೇರೆಯಲ್ಲಿ ಸಿನಿಮಾ ನಡೆಯಿತು. ಭಾಷಣಗಳಿಗೆ ಎಲ್ಲರೂ ತಲೆದೂಗಿದರು. ಕೊನೆಗೆ ಸಗಿನ್‌ಬೆಕ್ ಚಹಾ ಊದಿದಾಗ ಇಡೀ ಡೇರೆ ಬಿಕ್ಕಿತು. ದೋರೊನ್‌ಬೆಕ್ ಕಣ್ಣೊರೆಸಿಕೊಂಡರು. ಮೆಲಿಸ್ ಕೂಡ ಮೂಗೆಳೆದುಕೊಂಡ. ಗೆದ್ದೆ ಎಂದುಕೊಂಡ ತಲಾಯ್.

ಅತ್ತೆ ಎದ್ದುನಿಂತರು.

"ಇವನ ಮಾವ ಹಾಸಿಗೆ ಹಿಡಿದಾಗ ನನ್ನಿಂದ ಮಾತು ತಗೊಂಡಿದ್ರು. 'ಆ ಹುಡುಗ ರಾತ್ರಿಯೆಲ್ಲಾ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ದುಡೀತಾನೆ, ಅಂಥ ದುಡಿಮೆಗಾರನನ್ನ ಟೈರ್ ಅಂಗಡಿಗೆ ಎಳೀಬೇಡ' ಅಂದ್ರು. ಅದಕ್ಕೇ ಇವನ ಕಸುಬು ಇವನಿಗಿರಲಿ ಅಂತ ಹೇಳೋಣ ಅಂದ್ಕೊಂಡಿದ್ದೆ."

ತಲಾಯ್‌ಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಬೆಳಗ್ಗೆ ಕಣ್ಣಾರೆ ನೋಡಿದ್ನಲ್ಲ! ದುಡಿಯೋದು ಆ ಕಾರ್ಡು. ಇವನೇ ಬಾಯಿಬಿಟ್ಟು ಹೇಳ್ದ, ನಾನು ಮಾಡೋದು ಏನೂ ಇಲ್ಲ ಅಂತ. ದುಡಿಮೆ ಇಲ್ದಿರೋ ಗಂಡಸು ಕೆಟ್ಟುಹೋಗ್ತಾನೆ. ಅವರು ಬದುಕಿದ್ದಿದ್ರೆ ಅವರೇ ಅಂಗಡಿಗೆ ಕಳಿಸ್ತಿದ್ರು. ನಾಳೆಯಿಂದ ಮೆಲಿಸ್ ಜೊತೆ ಹೋಗ್ಲಿ. ಈ ಸಿನಿಮಾ ಎಲ್ಲಾ ಅಲ್ಲಿ ಚಹಾ ಕುಡಿಯೋ ಹೊತ್ತಲ್ಲಿ ಮಾಡ್ಕೊಳ್ಲಿ."

"ಅಪಾ, ಹಾಗಲ್ಲ, ನಾನು ಹೇಳಿದ್ದು..." ಎಂದು ತಲಾಯ್ ಬಾಯಿ ತೆರೆಯುವಷ್ಟರಲ್ಲಿ ದೋರೊನ್‌ಬೆಕ್ ಹರಸಲು ಎರಡೂ ಅಂಗೈ ಮೇಲೆತ್ತಿದರು. ಹಿರಿಯರು ಹರಸಿದ ಮೇಲೆ ಆ ಮಾತಿಗೆ ಎದುರಿಲ್ಲ.

"ಓಮಿನ್, ಹಾಗೇ ಆಗಲಿ!" ಎಂದರು.

ಡೇರೆಯಲ್ಲಿದ್ದವರೆಲ್ಲ ಒಪ್ಪಿಗೆಯೆಂದು ಕೈಯೆತ್ತಿ ಮುಖ ಸವರಿಕೊಂಡರು. ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ತಲಾಯ್‌ನ ಕೈಗಳೂ ತಾವಾಗಿಯೇ ಮೇಲೆದ್ದು ಮುಖ ಸವರಿಕೊಂಡವು.