ಕೊಡೆಯ ತುದಿಯ ಟೊಪ್ಪಿ

ಗುಮಾಸ್ತನ ಕೊಡೆಯ ತುದಿಯ ಟೊಪ್ಪಿ ಎಲ್ಲೋ ಬಿದ್ದುಹೋಗಿ ವಾರವಾಗಿತ್ತು. ಅಷ್ಟರಲ್ಲೇ ಆ ಮೊನೆ ಬಸ್ಸಿನಲ್ಲಿ ಮೂವರ ಕಾಲಿಗೂ ಕಂಡಕ್ಟರನ ಹೊಟ್ಟೆಗೂ ಚುಚ್ಚಿಯಾಗಿತ್ತು. “ಅದಕ್ಕೇನಾದ್ರೂ ಹಾಕಿಸ್ರೀ, ಯಾರದಾದ್ರೂ ಕಣ್ಣು ಹೋದೀತು” ಎಂದು ಹೆಂಡತಿ ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಫೋನಿನಲ್ಲೇ ಯಾಕೆಂದರೆ, ಅವಳು ಇದೇ ನೀರು ಸರಬರಾಜು ಇಲಾಖೆಯ ಇನ್ನೊಂದು ಊರಿನ ಆಫೀಸಿನಲ್ಲಿದ್ದಳು. ಬಸ್ಸಿನಲ್ಲಿ ಐದು ಗಂಟೆ ದಾರಿ. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡಹೆಂಡತಿ ಒಟ್ಟಿಗಿದ್ದದ್ದು ಬರೀ ಶನಿವಾರ ಭಾನುವಾರದ ರಜೆಯಲ್ಲಿ.

ಈ ಶುಕ್ರವಾರ ಆ ಪಾಡಿಗೆಲ್ಲ ಮಂಗಳ ಹಾಡುವ ದಿನ. ಅವಳ ಊರಿಗೆ ವರ್ಗ ಕೇಳಿ ಅವನು ಬರೆದ ಅರ್ಜಿಯನ್ನು ಮ್ಯಾನೇಜರು ಒಪ್ಪಿದ್ದರು. ಸಂಜೆ ಐದರೊಳಗೆ ಅದು ಕಂಪ್ಯೂಟರಿನ ಮೂಲಕ ಮುಖ್ಯ ಕಚೇರಿಗೆ ಮುಟ್ಟಬೇಕು. ತಪ್ಪಿದರೆ ಮುಂದಿನ ವರ್ಷವೇ. ಹೆಂಡತಿಯ ಮುಂದೆ ಅವನು ಬಾಯಿ ಬಿಟ್ಟಿರಲಿಲ್ಲ. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ಅವಳ ಮುಖ ನೋಡುವ ಆಸೆ.

ಅವನ ಮೇಜು ಹಾಲಿನ ಕಟ್ಟಕಡೆಯದು. ಎಂಟು ಮೇಜಿನ ಕಂಪ್ಯೂಟರುಗಳನ್ನು ಪೋಣಿಸಿಕೊಂಡು ಬಂದ ಕಪ್ಪು ತಂತಿ ಅವನ ಕಾಲ ಬಳಿ ಮುಗಿಯುತ್ತಿತ್ತು. ಅದರ ತುದಿಗೆ ಬೆರಳ ತುದಿಯಷ್ಟು ದಪ್ಪದ ಒಂದು ಲೋಹದ ಟೊಪ್ಪಿ. ಎಲ್ಲಿಗೂ ಹೋಗದ ತಂತಿಗೆ ಟೊಪ್ಪಿಯ ಶೋಕಿ ಯಾಕೆ ಅನ್ನಿಸಿತು ಅವನಿಗೆ. ತಿರುಗಿಸಿದ, ಕಳಚಿ ಬಂತು. ಕೊಡೆಗೆ ಹಾಕಿ ನೋಡಿದ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕಾಸು ಖರ್ಚಿಲ್ಲದೆ ಕೆಲಸವಾಯಿತೆಂದು ಹಿಗ್ಗಿದ.

“ನನ್ನದು ಸತ್ತುಹೋಯ್ತಲ್ಲ” ಎಂದು ಮೊದಲ ಮೇಜಿನಿಂದ ಕೂಗು ಬಂತು.

“ನನ್ನದೂ.”

“ಎಲ್ಲರದ್ದೂ ಹೋಗಿದೆ ಕಣ್ರೀ. ಮುಖ್ಯ ಕಚೇರಿಗೆ ಒಂದಕ್ಷರ ಹೋಗ್ತಿಲ್ಲ.”

ಕೊಡೆಗೂ ಕಂಪ್ಯೂಟರಿಗೂ ಏನು ಸಂಬಂಧವೆಂದು ಗುಮಾಸ್ತನಿಗೆ ಹೊಳೆಯಲಿಲ್ಲ. ಅರ್ಜಿಯ ಗತಿ ನೆನೆದು ಗಡಿಯಾರ ನೋಡಿದ.

ಏನು ಕೇಳಿದರೂ ಗೊತ್ತು ಎನ್ನುವ ಹಿರಿಯ ಗುಮಾಸ್ತರಿಗೆ ಅಲ್ಲಿ ‘ಬಲ್ಲವರು’ ಎಂದೇ ಹೆಸರು. “ಎಲ್ಲಾ ಒಟ್ಟಿಗೆ ಆರಿಸಿ, ಒಟ್ಟಿಗೆ ಹಾಕಿ, ತಾನಾಗೇ ದಾರಿಗೆ ಬರತ್ತೆ” ಎಂದರು. ಎಂಟು ಜನ ಒಂದು, ಎರಡು, ಮೂರು ಎಣಿಸಿ ಒಟ್ಟಿಗೆ ಹಾಕಿದ್ದೇ ತಡ, ಫ್ಯೂಸು ಹಾರಿ ಇದ್ದ ಫ್ಯಾನು ದೀಪಗಳೂ ಹೋದವು. “ಹೀಗಾಗತ್ತೆ ಅಂತ ನನಗೆ ಗೊತ್ತಿತ್ತು” ಎಂದರು ಬಲ್ಲವರು.

“ಹೇಗೂ ಕೆಲಸ ಇಲ್ಲ, ಹಲ್ಲಿನ ಡಾಕ್ಟರ ಹತ್ರ ಹೋಗಿಬರ್ತೀನಿ. ಬಿಸಿಲು ಉರೀತಿದೆ, ನಿನ್ನ ಕೊಡೆ ಕೊಡು ತಮ್ಮಾ” ಎಂದು ಟೈಪಿಸ್ಟ್ ಅಕ್ಕ ಕೊಡೆ ಹಿಡಿದು ಹೊರಟೇಬಿಟ್ಟರು.

ಮೆಕ್ಯಾನಿಕ್ ಬಂದದ್ದು ಮೂರೂವರೆಗೆ. ಫ್ಯೂಸು ಹಾಕಿ, ಮೇಜುಗಳ ಕೆಳಗೆ ತೆವಳಿ, ಕೊನೆಗೆ ಗುಮಾಸ್ತನ ಕಾಲ ಬಳಿ ತಲೆ ಎತ್ತಿದ.

“ಸರ್, ಊರಿಂದೂರಿಗೆ ಹೋಗೋ ದೊಡ್ಡ ನೆಟ್‌ವರ್ಕ್ ಚೆನ್ನಾಗೇ ಇದೆ. ಸತ್ತಿರೋದು ಈ ಹಾಲಿನೊಳಗಿನ ಸಣ್ಣದು. ಈಗೆಲ್ಲ ನಡುವೆ ಒಂದು ಪೆಟ್ಟಿಗೆ ಇಟ್ಟು ಮೇಜಿಗೊಂದು ತಂತಿ ಎಳೀತಾರೆ, ಒಂದು ಕೆಟ್ಟರೆ ಒಂದೇ ಕೆಡತ್ತೆ. ನಿಮ್ಮದು ಹಳೇ ಕಾಲದ ಒಂದೇ ತಂತಿಯ ಸಂಸಾರ. ಇದರ ತುದಿಗೆ ಒಂದು ಟೊಪ್ಪಿ ಇರಬೇಕು. ಅದಿಲ್ಲದಿದ್ದರೆ ಕಳಿಸಿದ ಮಾತೆಲ್ಲ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸು ಬಂದು ಒಂದಕ್ಕೊಂದು ಡಿಕ್ಕಿ ಹೊಡೀತವೆ. ಟೊಪ್ಪಿ ಎಲ್ಲಿ?”

“ಇಲಿ ಒಯ್ದಿರತ್ತೆ” ಎಂದರು ಬಲ್ಲವರು.

ಟೊಪ್ಪಿ ಕೊಡೆಯ ಜೊತೆ ಹೋಗಿದೆಯೆಂದು ಗುಮಾಸ್ತನಿಗೆ ಆಗ ಹೊಳೆಯಿತು. ಟೈಪಿಸ್ಟ್ ಅಕ್ಕನಿಗೆ ಫೋನ್ ಮಾಡಿದ. ಬಾಯಿ ತೆರೆದುಕೊಂಡು ಕೂತವರು ಎಲ್ಲಿ ಫೋನ್ ಎತ್ತುತ್ತಾರೆ? ಎದ್ದನೋ ಬಿದ್ದನೋ ಎಂದು ಓಡಿದ. ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತವರ ನಡುವೆ ಕೊಡೆ ಗೋಡೆಗೊರಗಿ ನಿಂತಿತ್ತು. ಅವನು ಮಂಡಿಯೂರಿ ಅದರ ತುದಿ ಕಳಚುವುದನ್ನು ಕಂಡು ಒಬ್ಬರು ನೋವು ಮರೆತು ಕೇಳಿದರು, “ಅದನ್ನೂ ಕದೀತಾರೇನ್ರೀ?”

“ನನ್ನದೇ ಕೊಡೆ ಸ್ವಾಮಿ” ಎಂದು ಅವನು ಓಟ ಕಿತ್ತ.

ನಾಲ್ಕೂ ಮುಕ್ಕಾಲಿಗೆ ಮೇಜಿನ ಕೆಳಗೆ ನುಸುಳಿ, ಟೊಪ್ಪಿ ಸಿಕ್ಕಿಸಿ, “ಇಲ್ಲೇ ಮೂಲೇಲಿ ಬಿದ್ದಿತ್ತು” ಎಂದ. ಎಂಟೂ ಕಂಪ್ಯೂಟರುಗಳು ಕಣ್ಣು ಬಿಟ್ಟವು. ಮೆಕ್ಯಾನಿಕ್ ಚೀಲ ಹೆಗಲಿಗೇರಿಸಿ ಹೊರಟ. ಮ್ಯಾನೇಜರು ಗುಮಾಸ್ತನ ಬೆನ್ನು ತಟ್ಟಿ, ಅರ್ಜಿ ಕಳಿಸುವ ಗುಂಡಿ ಒತ್ತಿದರು. “ಇನ್ನು ಹೆದರಬೇಡಪ್ಪಾ. ನಿನ್ನ ಅರ್ಜಿ ಬರತ್ತೆ, ಐದು ಹೊಡೆಯೋವರೆಗೆ ಪಟ್ಟಿ ಮುಚ್ಚಬೇಡಿ ಅಂತ ಮುಖ್ಯ ಕಚೇರಿಗೂ ಹೇಳಿದ್ದೀನಿ. ನೋಡು, ನೂರರಲ್ಲಿ ಮೂವತ್ತು ಭಾಗ ಹೋಯ್ತು.” ಗುಮಾಸ್ತನಿಗೆ ಹೋದ ಜೀವ ಬಂದ ಹಾಗಾಯಿತು.

ಆಗ ಹೆಂಡತಿಯ ಫೋನು.

“ರೀ, ಒಂದು ಗುಟ್ಟು. ನಿಮ್ಮೂರಿಗೆ ವರ್ಗ ಬೇಕು ಅಂತ ನಾನೂ ಅರ್ಜಿ ಹಾಕಿದ್ದೆ, ಬಂದು ನಿಮ್ಮ ಬಾಗಿಲು ತಟ್ಟೋಣ ಅಂತ ಹೇಳಿರಲಿಲ್ಲ. ನಿಮ್ಮ ಆಫೀಸಲ್ಲೇ ಒಂದು ಕುರ್ಚಿ ಖಾಲಿಯಾಗ್ತಿದೆಯಂತೆ. ಯಾರೋ ಪುಣ್ಯಾತ್ಮ ಬಿಟ್ಟು ಹೋಗ್ತಿದ್ದಾನಂತೆ. ಅವನ ಅರ್ಜಿ ಮುಟ್ಟಿದ ತಕ್ಷಣ ಆ ಕುರ್ಚಿ ನನಗೇ.”

ಗುಮಾಸ್ತ ತಾನು ಕೂತ ಕುರ್ಚಿಯನ್ನು ನೋಡಿದ. ಈ ವರ್ಷ ಇಲ್ಲಿಂದ ಬಿಟ್ಟು ಹೋಗುತ್ತಿರುವವನು ಇಡೀ ಆಫೀಸಿನಲ್ಲಿ ತಾನೊಬ್ಬನೇ.

“ಎಂಬತ್ತು ಭಾಗ” ಎಂದು ಮ್ಯಾನೇಜರು ಕೂಗಿದರು. “ಎಂಬತ್ತೈದು.”

ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ. ಅವನು ಪೆನ್ನು ಬೀಳಿಸಿದವನಂತೆ ಬಗ್ಗಿ, ಟೊಪ್ಪಿ ತಿರುಗಿಸಿ ಎಳೆದ.

“ಅಯ್ಯೋ, ಮತ್ತೆ ಹೋಯ್ತು” ಎಂದಿತು ಇಡೀ ಹಾಲು. ಗಡಿಯಾರ ಐದು ಹೊಡೆಯಿತು. ಗುಮಾಸ್ತ ಮೇಜಿನ ಕೆಳಗೇ ಕೂತು ನೆಮ್ಮದಿಯ ಉಸಿರು ಬಿಟ್ಟ. ಎದ್ದಾಗ ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ಸುತ್ತ ನಿಂತಿದ್ದರು.

“ಮನಸ್ಸಿಗೆ ಹಚ್ಚಿಕೋಬೇಡ, ಮುಂದಿನ ವರ್ಷ ನಾನೇ ಮುಂದೆ ನಿಂತು ಕಳಿಸ್ತೀನಿ” ಎಂದರು ಮ್ಯಾನೇಜರು.

“ಹೀಗಾಗತ್ತೆ ಅಂತ ನನಗೆ ಗೊತ್ತಿತ್ತು” ಎಂದರು ಬಲ್ಲವರು.

ಐದು ಹತ್ತಕ್ಕೆ ಮತ್ತೆ ಹೆಂಡತಿ. “ಆ ಪುಣ್ಯಾತ್ಮ ಕೈಕೊಟ್ಟ ಕಣ್ರೀ. ಎಂಥ ಮನುಷ್ಯನೋ ಏನೋ.”

“ಒಳ್ಳೆಯವನೇ ಕಣೇ. ನಾಳೆ ಬಂದು ಎಲ್ಲಾ ಹೇಳ್ತೀನಿ.”

“ಹಾಗಾದ್ರೆ ಯಾವಾಗಲೂ ಬರೋ ಬಸ್ಸಿಗೇ ಬನ್ನಿ. ಕೊಡೆ ತನ್ನಿ, ಆದ್ರೆ ಆ ತುದಿಗೆ ಏನಾದ್ರೂ ಹಾಕಿಸಿಕೊಂಡು ಬನ್ನಿ.”

ಬಾಗಿಲಲ್ಲಿ ಟೈಪಿಸ್ಟ್ ಅಕ್ಕ ಊದಿದ ಕೆನ್ನೆಯೊಂದಿಗೆ ಕೊಡೆ ಚಾಚಿ ನಿಂತಿದ್ದರು. ಗುಮಾಸ್ತ ಅದನ್ನು ತೆಗೆದುಕೊಂಡು ಜೇಬಿಗೆ ಕೈ ಹಾಕಿದ.

“ಸಿಕ್ಕಿದೆ” ಎಂದ ಫೋನಿನಲ್ಲಿ, “ಸೋಮವಾರದವರೆಗೆ.”