ಗುಮಾಸ್ತನ ಆಕಳಿಕೆ

ಗುಮಾಸ್ತನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ಬೆಳಗಿನ ಸಿಹಿನಿದ್ದೆ. ಪಾಪ, ಅದಕ್ಕೇ ಕಲ್ಲು ಬಿದ್ದಿತ್ತು. ಅವನ ಹೆಂಡತಿ ಕವಯಿತ್ರಿ. ಕೋಳಿ ಕೂಗುವ ಮೊದಲೇ ಅವನನ್ನು ಎಬ್ಬಿಸಿ ಕೂರಿಸಿ ಹೊಸ ಕವಿತೆ ಓದುತ್ತಿದ್ದಳು. ಬೇರೆ ಕೇಳುಗರಾದರೂ ಯಾರಿದ್ದರು? ಅವನು ಹಿಂದಿನ ದಿನದ ಪೇಪರಿನ ಮರೆಯಲ್ಲಿ ಸದ್ದಿಲ್ಲದೆ ಆಕಳಿಸಿ, "ಭೇಷ್!" ಎನ್ನುತ್ತಿದ್ದ.

ನಗರದ ಸಾಹಿತ್ಯ-ಕಲಾ ಸಪ್ತಾಹದಲ್ಲಿ ಅವಳಿಗೆ ಮೊದಲ ಸಲ ಅವಕಾಶ ಸಿಕ್ಕಿತು. ಆ ದಿನ ಬೆಳಿಗ್ಗೆಯೇ ವ್ಯವಸ್ಥಾಪಕರ ಫೋನು ಬಂತು. "ಮೇಡಂ, ಖಾಲಿ ಕುರ್ಚಿಗಳಿಗೆ ಕವಿತೆ ಓದಿಸೋಕಾಗಲ್ಲ. ಜನ ಬರದೇ ಇದ್ರೆ ಹಾಲನ್ನ ಜಾದೂಗಾರನಿಗೆ ಕೊಟ್ಬಿಡ್ತೀವಿ."

ಹೆಂಡತಿಯ ಕಣ್ಣಲ್ಲಿ ನೀರು. ಗುಮಾಸ್ತ ಪೇಪರು ಮಡಚಿಟ್ಟ.

"ಅಳ್ಬೇಡ ಕಣೇ. ಹಾಲ್ ತುಂಬಿಸೋ ಜವಾಬ್ದಾರಿ ನಂದು."

"ನಿಜವಾಗ್ಲೂ? ಹಾಗೇನಾದ್ರೂ ಆದ್ರೆ ನಾಳೆಯಿಂದ ನಿಮ್ಮನ್ನ ಎಬ್ಬಿಸಲ್ಲ ರೀ. ನನ್ನಾಣೆ!"

ಗುಮಾಸ್ತನಿಗೆ ರೆಕ್ಕೆ ಮೂಡಿತು.

ಮೊದಲು ಎದುರು ಮನೆಯ ಹಲ್ಲಿನ ಡಾಕ್ಟರನ್ನು ಕರೆದ. "ಬರ್ತೀನಿ ಕಣ್ರೀ. ಆದ್ರೆ ನಂದೂ ಒಂದು ಪುಟ್ಟ ಕವಿತೆ ಇದೆ. ದವಡೆ ಹಲ್ಲಿನ ಮೇಲೆ," ಎಂದರು ಅವರು. ಕ್ಷೌರದಂಗಡಿಯವನು ಕತ್ತರಿ ಕೆಳಗಿಟ್ಟು, "ನಂದು ನಾಲ್ಕೇ ಸಾಲು," ಎಂದ. ಹೆಂಡತಿಯ ಚಿಕ್ಕಮ್ಮನಂತೂ, "ಅವಳಿಗೆ ಬರೆಯೋದು ಕಲಿಸಿದ್ದೇ ನಾನು. ಮೊದಲು ನಂದಾಗ್ಲಿ," ಎಂದು ಸೀರೆ ಬದಲಿಸಲು ಒಳಗೆ ಹೋದರು. ಆ ಬೀದಿಯಲ್ಲಿ ಕಲ್ಲೆಸೆದರೆ ಕವಿಯ ತಲೆಗೇ ತಾಗುವಂತಿತ್ತು. ಗುಮಾಸ್ತ ಎಲ್ಲರಿಗೂ ಹೂಂ ಎಂದ.

ಸಂಜೆ ಪರದೆ ಸರಿಯಿತು. ಬಂದವರೆಲ್ಲ ವೇದಿಕೆಯ ಮೇಲೆ, ಕೆಳಗೆ ಗುಮಾಸ್ತ ಒಬ್ಬನೇ!

"ಸ್ವಲ್ಪ ಜನ ಕೆಳಗೆ ಕೂತ್ಕೊಳ್ರಪ್ಪಾ!" ಎಂದು ಅಂಗಲಾಚಿದ.

"ಕವಿಗಳು ಕೆಳಗೆ ಕೂರೋದಾ?" ಎಂದರು ಡಾಕ್ಟರು.

ಬಾಗಿಲಲ್ಲಿ ಜಾದೂಗಾರ ಟೋಪಿ ಹಿಡಿದು ಕಾಯುತ್ತಿದ್ದ. ಹೆಂಡತಿಯ ಮುಖ ಬಾಡಿತ್ತು.

ಗುಮಾಸ್ತ ಮಾನ ಮರ್ಯಾದೆಯನ್ನು ಗಂಟು ಕಟ್ಟಿ ಬದಿಗಿಟ್ಟ. ದವಡೆ ಹಲ್ಲಿನ ಕವಿತೆ ಶುರುವಾದದ್ದೇ ತಡ, ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿದ, ಓಡಿಹೋಗಿ ಕೊನೆಯ ಸಾಲಿನ ಕುರ್ಚಿಯಲ್ಲಿ ಶಿಳ್ಳೆ ಹೊಡೆದ, ಮೂಲೆಗೆ ನುಗ್ಗಿ ಗಡಸು ದನಿಯಲ್ಲಿ "ಒನ್ಸ್ ಮೋರ್!" ಎಂದ. ಪಕ್ಕದ ಸಭಾಂಗಣದಲ್ಲಿ ವಿಮರ್ಶೆಯ ಭಾಷಣ ಕೇಳುತ್ತ ತೂಕಡಿಸುತ್ತಿದ್ದವರು, ಇಲ್ಲೇನೋ ಭರ್ಜರಿ ನಡೆದಿದೆ ಎಂದು ಎದ್ದು ಬಂದರು. ಚಿತ್ರಪ್ರದರ್ಶನ ನೋಡುತ್ತಿದ್ದವರೂ ಬಂದರು. ಕೊನೆಗೆ ಜಾದೂಗಾರನಿಗೇ ನಿಲ್ಲಲು ಜಾಗ ಉಳಿಯಲಿಲ್ಲ.

ಎಲ್ಲರದೂ ಮುಗಿದ ಮೇಲೆ ಹೆಂಡತಿ ಎದ್ದಳು. ಅಮ್ಮನ ಸವೆದ ಚಪ್ಪಲಿಯ ಮೇಲೆ ಬರೆದ ಪುಟ್ಟ ಕವಿತೆ ಓದಿದಳು. ಒಂದು ಕೆಮ್ಮೂ ಕೇಳಲಿಲ್ಲ. ಮುಗಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗುಮಾಸ್ತನ ಕಣ್ಣು ಒದ್ದೆಯಾಯಿತು. ಎಂಥಾ ಹೆಂಡತಿ ನನ್ನವಳು!

ವ್ಯವಸ್ಥಾಪಕರು ಮೈಕ್ ಹಿಡಿದರು. "ಒಂದು ಪದಾನೂ ಹೆಚ್ಚಿಲ್ಲ! ಏನಮ್ಮಾ ಇದರ ಗುಟ್ಟು?"

ಅವಳು ನಾಚಿದಳು. "ಎಲ್ಲಾ ನಮ್ಮೆಜಮಾನ್ರ ದಯೆ. ದಿನಾ ಬೆಳಿಗ್ಗೆ ಅವ್ರಿಗೆ ಓದ್ತೀನಿ. ಅವರು ಹಿಂದೆ ಆಕಳಿಸಿದ್ರೆ ಪೇಪರ್ ಅಲ್ಲಾಡುತ್ತೆ. ಎಲ್ಲಿ ಅಲ್ಲಾಡುತ್ತೋ, ಆ ಸಾಲು ಹೊಡೆದುಹಾಕ್ತೀನಿ. ಅವರ ಆಕಳಿಕೆ ಒಂದು ದಿನಾನೂ ಸುಳ್ಳಾಗಿಲ್ಲ."

ವೇದಿಕೆಯ ಮೇಲಿದ್ದ ಕವಿಗಳೆಲ್ಲ ಗುಮಾಸ್ತನತ್ತ ತಿರುಗಿದರು.

ಮರುದಿನ ಹೆಂಡತಿ ಮಾತು ಉಳಿಸಿಕೊಂಡಳು. ಅವನನ್ನು ಎಬ್ಬಿಸದೆ ತಾನೂ ಮುಸುಕು ಹೊದ್ದು ಮಲಗಿದ್ದಳು. ಇನ್ನೂ ಕೋಳಿ ಕೂಗಿರಲಿಲ್ಲ, ಬಾಗಿಲು ದಬದಬ ಎಂದಿತು. ಗುಮಾಸ್ತ ಕಣ್ಣುಜ್ಜುತ್ತ ತೆರೆದ. ಡಾಕ್ಟರು, ಕ್ಷೌರದಂಗಡಿಯವನು, ಚಿಕ್ಕಮ್ಮ, ಅವರ ಹಿಂದೆ ಇಡೀ ಬೀದಿ. ಎಲ್ಲರ ಕೈಯಲ್ಲೂ ಕಾಗದದ ಕಟ್ಟು. ಸಾಲಿನ ಕೊನೆಯಲ್ಲಿ ಜಾದೂಗಾರನೂ ನಿಂತಿದ್ದ.

"ಪೇಪರ್ ನಾವೇ ತಂದಿದೀವಿ," ಎನ್ನುತ್ತ ಡಾಕ್ಟರು ಅದನ್ನು ಬಿಡಿಸಿ ಅವನ ಮುಖಕ್ಕೆ ಅಡ್ಡ ಹಿಡಿದರು. "ಆರಾಮಾಗಿ ಕೂತು ಆಕಳಿಸಿ ಸ್ವಾಮಿ. ನಂದು ಬರೀ ನಲವತ್ತು ಪುಟ."