ನೊಣ ತಿನ್ನುವ ಗಿಡದ ಚಕ್ಕುಬಂದಿ

ನಮ್ಮ ಸೋದರಮಾವ ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲು ನೋಡುವುದು ಪಾಯಸವನ್ನಲ್ಲ, ಪಕ್ಕದವರ ಬಾಳೆಲೆ ತಮ್ಮ ಎಲೆಯ ಜಾಗ ಒತ್ತುವರಿ ಮಾಡಿದೆಯೇ ಎಂಬುದನ್ನು. ತಪ್ಪು ಅವರದಲ್ಲ. ಬಿಳಿಗೆರೆಯಿಂದ ಕವಲಂದೆಯವರೆಗೆ ಸರ್ವೆಯರ್ ಆಗಿ ಹೊಲ ಅಳೆದೂ ಅಳೆದೂ ನಿವೃತ್ತರಾಗಿ ನಂಜನಗೂಡಿನಲ್ಲಿ ಮನೆ ಮಾಡಿದವರು. ಇಲಾಖೆ ಅವರನ್ನು ಬಿಟ್ಟಿತು, ಅವರು ಅಳತೆಯನ್ನು ಬಿಡಲಿಲ್ಲ. ಅವರ ನಡಿಗೆ, ಕೆಮ್ಮು, ಕನ್ನಡಕದ ಮೇಲಿಂದ ಬರುವ ನೋಟ, ಎಲ್ಲವನ್ನೂ ಮಾಡಿ ತೋರಿಸಿ ನಮ್ಮ ಬಳಗವನ್ನು ನಗಿಸುವುದು ನಾನು. ನನಗೆ ಬರುವ ವಿದ್ಯೆ ಅದೊಂದೇ. ಡಿಗ್ರಿಯಲ್ಲಿ ಅದಕ್ಕೆ ಮಾರ್ಕ್ಸ್ ಕೊಡದಿದ್ದದ್ದು ಯೂನಿವರ್ಸಿಟಿಯ ದುರದೃಷ್ಟ!

ಇಂಥವರ ಹುಟ್ಟುಹಬ್ಬಕ್ಕೆ ಏನು ಕೊಡುವುದು? ಟಿ. ನರಸೀಪುರದ ನರ್ಸರಿಯೊಂದರಲ್ಲಿ ನೊಣ ಹಿಡಿದು ತಿನ್ನುವ ಗಿಡ ಕಂಡಿತು. ವೀನಸ್ ಫ್ಲೈಟ್ರ್ಯಾಪ್. ಅಂಗೈಯಗಲದ ಕುಂಡ, ಅದರ ತುಂಬ ಪುಟ್ಟ ಪುಟ್ಟ ಬಾಯಿಗಳು, ಬಾಯಿಯ ಅಂಚಿಗೆಲ್ಲ ಹಲ್ಲು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಕುಂಡಕ್ಕೆ ಸಿಕ್ಕಿಸಿದ್ದ ತಳಿಯ ಹೆಸರಿನ ಪ್ಲಾಸ್ಟಿಕ್ ಚೀಟಿ, ಬಗ್ಗಿ ಮೊಬೈಲ್ ನೋಡುತ್ತಿದ್ದ ನನ್ನ ಗಲ್ಲಕ್ಕೆ ರಸ್ತೆಯ ಪ್ರತಿ ಹಂಪ್‌ಗೂ ಚುಚ್ಚುತ್ತಿತ್ತು. ಮೂರನೇ ಹಂಪ್‌ಗೆ ಕಿತ್ತು ಕಿಟಕಿಯಿಂದಾಚೆ ಎಸೆದೆ. ಓದಿದೆನಾ? ಓದುವ ಅಭ್ಯಾಸವಿದ್ದಿದ್ದರೆ ನಾನೇಕೆ ಹೀಗಿರುತ್ತಿದ್ದೆ!

ನಿಮ್ಮಂಥದೇ ಗಿಡ ಮಾವ, ಹತ್ತಿರ ಬಂದವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ಕೊಟ್ಟೆ. ಮಾವ ಕುಂಡವನ್ನು ಸುತ್ತಲೂ ತಿರುಗಿಸಿ ನೋಡಿದರು.

"ಇದ್ರಲ್ಲಿ ಬೇಕಾದಷ್ಟು ತಳಿ ಇರ್ತವೆ ಕಣೋ. ಚೀಟಿ ಎಲ್ಲಿ?"

"ಇರ್ಲೇ ಇಲ್ಲ ಮಾವ."

ಅಲ್ಲಿಂದ ಶುರುವಾಯಿತು. ಮಾವನ ತಾರಸಿಯಲ್ಲಿ ಹೆಸರಿಲ್ಲದ ಗಿಡವೇ ಇಲ್ಲ, ದೊಡ್ಡಪತ್ರೆಗೂ ಫಲಕವುಂಟು. ಮರುದಿನವೇ ಕುಂಡ ಎತ್ತಿಕೊಂಡು ನರಸೀಪುರದ ಬಸ್ಸು ಹತ್ತಿದರು. ನರ್ಸರಿಯವನು, ನಾಲ್ಕೈದು ತಳಿ ಬಂದಿದ್ದವು, ಆ ಲೋಡು ಖಾಲಿಯಾಯಿತು, ಇದು ಯಾವುದೋ ಕಾಣೆ ಎಂದು ಕೈಯಲ್ಲಾಡಿಸಿದ. ಸರಿ, ಅತ್ತೆಯ ಹೊಲಿಗೆ ಟೇಪು, ಒಂದು ಭೂತಗನ್ನಡಿ, ಹಳೇ ಫೀಲ್ಡ್ ಬುಕ್ಕು ಹಿಡಿದು, ತಳಿ ಪತ್ತೆಗೆಂದು ಮಾವ ಅಳತೆಗೆ ಕೂತರು. ಟೇಪು ಒಳಗೆ ತಗುಲಿದ್ದೇ ತಡ, ಬಾಯಿ ಮುಚ್ಚಿತು. ಎರಡನೆಯದೂ ಮುಚ್ಚಿತು. ಸಂಜೆಯೊಳಗೆ ಇಡೀ ಗಿಡ ಬಾಯಿ ಬಿಗಿದು ಕೂತಿತ್ತು.

"ಸರ್ವೀಸಲ್ಲಿ ಎಂಥೆಂಥಾ ಜಮೀನು ಅಳ್ದಿದೀನಿ. ಒಂದೂ ಹಿಂಗೆ ಮಡಚ್ಕೊಳ್ಳಿಲ್ಲ" ಎಂದರು ಮಾವ.

ಮುಟ್ಟದೆ ಹಲ್ಲು ಎಣಿಸುವುದನ್ನು ಕಲಿಯಲು ವಾರಗಳು ಹಿಡಿದವು. ಕಲಿತರು! ಆದರೆ ಮೊಬೈಲಿನಲ್ಲಿ ಸಿಕ್ಕ ಚಿತ್ರಗಳ ಜೊತೆ ಹೋಲಿಸಿದಾಗ, ಬಣ್ಣ ಒಂದು ತಳಿಗೆ ಹೊಂದಿದರೆ ಹಲ್ಲು ಇನ್ನೊಂದಕ್ಕೆ ಹೊಂದುತ್ತಿತ್ತು. ಅತ್ತೆಗೆ ರೇಗಿಹೋಯಿತು. "ನನ್ ದವಡೆಹಲ್ಲು ನೋಯ್ತದೆ ಅಂದಾಗ ತಿರುಗೂ ನೋಡ್ನಿಲ್ಲ. ಈಗ ಅದರ ಹಲ್ಲು ಎಣಿಸ್ತಾ ಕೂತವ್ರೆ."

ಈ ನಡುವೆ ಊರಿನಲ್ಲಿ ಫಲಪುಷ್ಪ ಪ್ರದರ್ಶನ ಬಂತು. ಅರ್ಜಿಯಲ್ಲಿ ತಳಿಯ ಹೆಸರಿನ ಕಾಲಂ ತುಂಬಲೇಬೇಕು. ಈ ಗಿಡವನ್ನು ಊರಿಗೆಲ್ಲ ತೋರಿಸಬೇಕೆಂದು ಮಾವನಿಗೆ ಆಸೆಯೆಂದರೆ ಆಸೆ. ಶರ್ಟು ಇಸ್ತ್ರಿಗೂ ಹೋಗಿ ಬಂದಿತ್ತು. ಆ ಕಾಲಂ ನಾನೇ ತುಂಬಿಸಿಕೊಡುವುದೆಂದು ಹೊರಟೆ. ಹೇಗೂ ವಿದ್ಯೆಯಿದೆಯಲ್ಲ! ಗೆಳೆಯನ ಫೋನಿನಿಂದ, ಮೂಗಿನಲ್ಲಿ ಮಾತಾಡುವ ಮುದಿ ಪ್ರೊಫೆಸರಾಗಿ ಕರೆ ಮಾಡಿದೆ. ನಿಮ್ಮ ಗಿಡದ ವಿಷಯ ನರ್ಸರಿಯವರು ಹೇಳಿದರು, ಅದು ಖಂಡಿತ ರಕ್ತದವಡೆ ಎಂಬ ತಳಿ, ಬರೆದುಬಿಡಿ ಎಂದೆ. ಮಾವ ಪ್ರತಿ ಮಾತಿಗೂ ವಿನಯವಾಗಿ "ಸರಿ ಸಾ" ಎಂದರು. ಗೆದ್ದೆನೆಂದುಕೊಂಡೆ.

"ಆಯ್ತು ಸಾ" ಎಂದರು ಕೊನೆಗೆ, "ಮನೇಲಿ ನಮ್ಮಕ್ಕನ್ನ ಕೇಳ್ದೆ ಅಂತ ಹೇಳಿ."

ಅವರಕ್ಕ ಎಂದರೆ ನನ್ನಮ್ಮ! ಮಾವನ ಮನೆಗೆ ಓಡಿ, ಅಂದು ಬಸ್ಸಿನಲ್ಲಿ ಚೀಟಿ ಎಸೆದ ಕಥೆಯನ್ನೂ ಒಪ್ಪಿಕೊಂಡೆ. ಬೈಯಲಿಲ್ಲ. ಪೆನ್ನಿನ ಕ್ಯಾಪು ಮುಚ್ಚಿದರು.

"ಕಾಲಂ ಖಾಲಿ ಬಿಟ್ರೆ ತಿಳಿದೋನು ನಾಳೆ ಬಂದು ತುಂಬ್ತಾನೆ. ಸುಳ್ಳು ತುಂಬಿದ್ರೆ ಮೊಮ್ಮಕ್ಕಳು ಕೋರ್ಟಿಗೆ ಅಲೀತಾರೆ ಕಣೋ."

ಹೆಸರು ಗೊತ್ತಿಲ್ಲದ ಜಾಗವನ್ನು ಚಕ್ಕುಬಂದಿಯಿಂದಲೇ ಗುರುತು ಹಿಡಿಯಬೇಕಂತೆ, ಅಂದರೆ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಬರೆಯಬೇಕಂತೆ. ಅದೂ ಇವತ್ತು ಇದ್ದು ನಾಳೆ ಇಲ್ಲದ್ದನ್ನಲ್ಲ, ಅಲ್ಲಾಡದ್ದನ್ನು ಮಾತ್ರ. ಹೀಗೆ ಪಾಠ ಹೇಳಿ, ಕಾಲಂ ಖಾಲಿ ಬಿಟ್ಟೇ ಅರ್ಜಿ ಹಿಡಿದು ಹೋದರು. ಪ್ರದರ್ಶನದವರು ಇಸ್ತ್ರಿ ಶರ್ಟನ್ನೂ ಕುಂಡವನ್ನೂ ಬಾಗಿಲಿಂದಲೇ ವಾಪಸ್ ಕಳಿಸಿದರು.

ಆಮೇಲೆ ಎರಡು ತಿಂಗಳು ನಾನು ಆ ಮನೆಯ ಕಡೆ ತಲೆ ಹಾಕಲಿಲ್ಲ. ಬಳಗದವರು ಕೇಳಿದರೂ ಮಾವನ ಕೆಮ್ಮು ನನ್ನ ಗಂಟಲಿಂದ ಬರಲಿಲ್ಲ. ಕೊನೆಗೆ ಅತ್ತೆ ಫೋನ್ ಮಾಡಿ ಬೈದ ಮೇಲೆ ಹೋದೆ. ಮಾವ ಸ್ನಾನಕ್ಕೆ ಹೋಗಿದ್ದರು. ಮೆಲ್ಲನೆ ತಾರಸಿ ಹತ್ತಿದೆ. ಗಿಡ ಬಾಯಿಗಳನ್ನೆಲ್ಲ ತೆರೆದುಕೊಂಡು ಕೂತಿತ್ತು. ಕುಂಡದ ಪಕ್ಕ ಹೊಸ ಫಲಕ, ಮಾವನ ದುಂಡಕ್ಷರ:

"ವೀನಸ್ ಫ್ಲೈಟ್ರ್ಯಾಪ್. ತಳಿ: ತಿಳಿದಿಲ್ಲ. ಬಂದದ್ದು: ಟಿ. ನರಸೀಪುರದಿಂದ. ಪೂರ್ವಕ್ಕೆ: ನೀರಿನ ಟ್ಯಾಂಕು. ಪಶ್ಚಿಮಕ್ಕೆ: ತುಳಸಿ ಕಟ್ಟೆ. ಉತ್ತರಕ್ಕೆ: ಮೆಟ್ಟಿಲು. ದಕ್ಷಿಣಕ್ಕೆ: ಅಳಿಯನ ಕುರ್ಚಿ."

ನಾನು ಬಂದಾಗಲೆಲ್ಲ ಎಳೆದಾಡಿಕೊಂಡು ಕೂರುತ್ತಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ. ಗಾಳಿ ಜೋರಾದರೆ ಪಕ್ಕದ ಮನೆಗೆ ಹಾರುವಂಥದು. ಅದರ ನಾಲ್ಕೂ ಕಾಲನ್ನು ತಂತಿ ಸುತ್ತಿ ತಾರಸಿಯ ಕಂಬಿಗೆ ಬಿಗಿಯಾಗಿ ಕಟ್ಟಿದ್ದರು.

ಕೆಳಗಿನಿಂದ ಮಾವನ ಕೆಮ್ಮು ಮೆಟ್ಟಿಲು ಹತ್ತಿ ಬರುತ್ತಿತ್ತು. ನಾನು ದಕ್ಷಿಣಕ್ಕೆ ಹೋಗಿ ಕೂತೆ.